ಮಂಜಿನ ಮಡಿಕೇರಿಯಲ್ಲಿ ಒಂದು ಧಿಗಿಣ

ಆ ಫೋಟೊ ನೋಡಿದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ‘ಇದನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದೀರಾ?’ ಎಂದು. ಜೋಡಿಸಿಲ್ಲ. ರಸ್ತೆ ಮಡಿಕೇರಿ ಪೇಟೆಯದೇ, ಬಾಗಿಲು ಮುಚ್ಚಿದ ಅಂಗಡಿಗಳ ಸಾಲು ಅಲ್ಲಿಯದೇ, ಮಂಜೂ ಅಲ್ಲಿಯದೇ. ನೆಲದಿಂದ ಎರಡಡಿ ಮೇಲೆ, ಯಕ್ಷಗಾನದ ಧಿಗಿಣದ, ಎಂದರೆ ಸುತ್ತುತ್ತಾ ಹಾರುವ ಕುಣಿತದ, ನಡುವೆ ಇರುವ ಅಭಿಮನ್ಯು ವೇಷ ನಾನು. ಜುಲೈ ಕೊನೆಯ ವಾರದ ಒಂದು ಮುಂಜಾನೆ, ಸುಮಾರು 5 ಗಂಟೆಗೆ, ಒಂದೇ ಒತ್ತಿಗೆ ಸಿಕ್ಕಿದ ಚಿತ್ರ ಅದು. ಆ ಒಂದು ಒತ್ತಿಗಾಗಿ ನಮಗೆ ಎರಡು ಮಳೆಗಾಲ ಹಿಡಿಯಿತು. ಕೈಯಿಂದ ಇಪ್ಪತ್ತೆಂಟು ಸಾವಿರದಷ್ಟು ಹಣ ಹೋಯಿತು. ‘ಆಗದ ಕೆಲಸ’ ಎಂದವರು ಈಗ ‘ಹೇಗೆ ಮಾಡಿದಿರಿ’ ಎನ್ನುತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನ ಮನೆ ಸಂಪಾಜೆಯ ಕಡೆ, ಉದ್ಯೋಗ ಮಡಿಕೇರಿಯಲ್ಲಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷ, ಎಂದರೆ ಎಳೆಯ ವೀರರ ಪಾತ್ರ, ಮಾಡಲು ಆರಂಭಿಸಿ ಹದಿನೇಳು ಹದಿನೆಂಟು ವರ್ಷಗಳಾದವು. ಹವ್ಯಾಸಿಯೇ ಆದರೂ ಧಿಗಿಣದ ವಿಷಯದಲ್ಲಿ ನನಗೆ ಸಂಕೋಚವಿಲ್ಲ; ನಲವತ್ತರ ಹತ್ತಿರದಲ್ಲಿಯೂ ಒಂದೇ ಉಸಿರಿಗೆ ಮೂವತ್ತು ಸುತ್ತು ಹಾರುತ್ತೇನೆ. ನನ್ನ ಜೊತೆಗಾರ ಮಡಿಕೇರಿಯ ಕೊಡವ ಯುವಕ, ಮದುವೆ ಫೋಟೊ ತೆಗೆಯುವವನು. ನನ್ನನ್ನು ಅಣ್ಣ ಎನ್ನುತ್ತಾನೆ. ನಮ್ಮಿಬ್ಬರನ್ನೂ ಸೇರಿಸಿದ್ದು ಮಳೆಗಾಲದ ಬಿಡುವು. ಮೇ ಕೊನೆಯಲ್ಲಿ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ತಿರುಗಾಟ ಹೊರಡುವುದು ದೀಪಾವಳಿಯ ನಂತರ. ಅತ್ತ ಅವನಿಗೂ ಮಳೆಗಾಲದ ನಡುವಿನ ಕಕ್ಕಡ ತಿಂಗಳಲ್ಲಿ ಮದುವೆಗಳಿಲ್ಲ. ಇಬ್ಬರ ಕೈಯೂ ಖಾಲಿ, ಬಾಡಿಗೆಯ ವೇಷಭೂಷಣವೂ ಪೆಟ್ಟಿಗೆಯಲ್ಲಿ ಸುಮ್ಮನೆ. ಮಳೆಗಾಲದಲ್ಲಿಯೇ ಏಕೆ ಮಾಡಿದಿರಿ ಎಂದು ಕೇಳುವವರಿಗೆ ಅರ್ಧ ಉತ್ತರ ಇದು. ಉಳಿದರ್ಧ ಮಂಜು. ರಾಜಾಸೀಟಿನಲ್ಲಿ ಬಿಸಿಲಿಗೆ ನಿಂತು ತೆಗೆಸಿಕೊಂಡ ವೇಷದ ಫೋಟೊಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ವೇಷ ಇರುತ್ತದೆ, ಪಾತ್ರ ಇರುವುದಿಲ್ಲ. ರಂಗಸ್ಥಳದಲ್ಲಿ ಪಾತ್ರ ಬರುವುದು ಕತ್ತಲೆಯ ಒಳಗಿನಿಂದ. ಪೇಟೆಯ ನಡುವೆ ಅಂಥ ಕತ್ತಲೆಯನ್ನೂ ಅದಕ್ಕೊಂದು ಪರದೆಯನ್ನೂ ಬಿಟ್ಟಿಯಾಗಿ ಕೊಡುವ ಊರು ಮಡಿಕೇರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಪರದೆಗೆ ಬರವೇ?

ವಿರೋಧ ಎರಡು ಕಡೆಯಿಂದ ಬಂತು. ಅವನ ಬಳಗದ ಫೋಟೊಗ್ರಾಫರರು, ಮಂಜಿನಲ್ಲಿ ಫ್ಲ್ಯಾಷ್ ಹಾಕಿದರೆ ಬಿಳಿ ಗೋಡೆಯಷ್ಟೇ ಬರುತ್ತದೆ, ಹಾಕದಿದ್ದರೆ ಕುಣಿತ ಕಲಸಿಹೋಗುತ್ತದೆ ಎಂದರು. ಅವರ ಮಾತು ತಪ್ಪಾಗಿರಲಿಲ್ಲ, ಅರ್ಧ ಮಾತ್ರ ಸರಿಯಾಗಿತ್ತು. ನನ್ನ ಕಡೆಯಿಂದ ಗುರುಗಳೇ ಬೇಡವೆಂದರು. ‘ಗೆಜ್ಜೆ ಕಟ್ಟಿದ ಮೇಲೆ ರಂಗಸ್ಥಳಕ್ಕೆ ಹೋಗಬೇಕು, ರಸ್ತೆಗೆ ಅಲ್ಲ’ ಎಂದರು. ಇದು ನನ್ನನ್ನು ನಿಜವಾಗಿಯೂ ಕಾಡಿತು. ಮದುವೆ ಮಂಟಪದ ಬಾಗಿಲಲ್ಲಿ ವೇಷ ನಿಲ್ಲಿಸಿ ಅತಿಥಿಗಳಿಗೆ ಕೈ ಮುಗಿಸುವುದನ್ನು ನಾನೂ ಒಪ್ಪುವುದಿಲ್ಲ. ಆದ್ದರಿಂದ ನಮಗೆ ನಾವೇ ಕೆಲವು ಕಟ್ಟಳೆ ಹಾಕಿಕೊಂಡೆವು. ಬಣ್ಣ ಹಚ್ಚುವ ಮೊದಲು ಬಣ್ಣದ ಮನೆಯಾದ ಚೌಕಿಯಲ್ಲಿ ಮಾಡುವಂತೆ ಗಣಪತಿಗೆ ದೀಪ ಇಡುವುದು. ವೇಷದಲ್ಲಿರುವಾಗ ರಸ್ತೆಯಲ್ಲಿ ನಿಂತು ಹರಟೆ, ಸೆಲ್ಫಿ, ಚಹಾ ಯಾವುದೂ ಇಲ್ಲ. ಕುಣಿಯದಿರುವಾಗ ವ್ಯಾನಿನ ಒಳಗೇ ಕುಳಿತಿರುವುದು. ಎರಡು ವರ್ಷವೂ ಇವುಗಳನ್ನು ಮೀರಲಿಲ್ಲ.

ಮೊದಲ ರಾತ್ರಿಯ ಸೋಲನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಹಣ ಹೋದದ್ದು ಅಲ್ಲಿಯೇ. ಆಸೆ ದೊಡ್ಡದಿತ್ತು: ಬಣ್ಣದ ವೇಷವನ್ನೇ ಇಳಿಸೋಣ, ಮಂಜಿನಿಂದ ರಕ್ಕಸ ಎದ್ದು ಬರಲಿ ಎಂದು. ಸುಳ್ಯ ಕಡೆಯಿಂದ ಬಣ್ಣದ ವೇಷದವರೊಬ್ಬರನ್ನು ಕರೆಸಿದೆವು. ಅವರಿಗೆ ಎರಡೂವರೆ ಸಾವಿರ, ವೇಷಭೂಷಣದ ಬಾಡಿಗೆ ಒಂದೂವರೆ ಸಾವಿರ, ಠೇವಣಿ ಐದು ಸಾವಿರ, ಘಾಟಿ ಹತ್ತಿ ಬಂದ ವ್ಯಾನಿಗೆ ಎರಡು ಸಾವಿರ. ಸಂಜೆ ಏಳಕ್ಕೆ ಕುಳಿತವರು ಚುಟ್ಟಿ ಇಟ್ಟು ಮುಗಿಸುವಾಗ ಹನ್ನೊಂದಾಯಿತು. ಮುಖದ ಮೇಲೆ ಸಾಲುಸಾಲಾಗಿ ಇಡುವ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಅದು. ಹೊರಗೆ ಬಂದ ಕಾಲು ಗಂಟೆಯಲ್ಲಿ ಎರಚಲು ಮಳೆ ಬಿತ್ತು. ಕೆನ್ನೆಯ ಸಾಲು ಗಲ್ಲಕ್ಕೆ, ಗಲ್ಲದ್ದು ಎದೆಗೆ ಇಳಿಯಿತು. ನಾಲ್ಕು ಗಂಟೆಯ ಕುಸುರಿ ಕಣ್ಣೆದುರೇ ಕರಗಿ ಹೋಯಿತು. ಅವರು ಒಂದು ಮಾತನ್ನೂ ಆಡದೆ ವ್ಯಾನಿಗೆ ಹೋಗಿ ಕುಳಿತರು. ನನಗೆ ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಹಾಳಾದದ್ದು ಚುಟ್ಟಿಯೊಂದೇ ಅಲ್ಲ. ಸಾಮಾನಿಗೆ, ಎಂದರೆ ವೇಷದ ಮರದ ಆಭರಣಗಳಿಗೆ, ಅಂಟಿಸಿದ ಹೊಳೆಯುವ ತೆಳು ಹಾಳೆಯಾದ ಬೇಗಡೆ ನೀರು ತಾಗಿದ ಕೂಡಲೇ ಅಂಚಿನಿಂದ ಏಳಲು ಆರಂಭಿಸಿತು. ಭುಜಕೀರ್ತಿಯ ಒಂದು ಬದಿ ಪೂರ್ತಿ ಬೋಳಾಯಿತು. ಠೇವಣಿಯಲ್ಲಿ ಮೂರು ಸಾವಿರವನ್ನು ಬಾಡಿಗೆಯವರು ಇಟ್ಟುಕೊಂಡರು, ಅದು ನ್ಯಾಯವೇ. ಇನ್ನು ಫೋಟೊ? ಕ್ಯಾಮೆರಾದ ತಲೆಯ ಮೇಲಿದ್ದ ಫ್ಲ್ಯಾಷಿನಿಂದ ನೂರೈವತ್ತು ಚಿತ್ರ ತೆಗೆದಿದ್ದ. ಎಲ್ಲದರಲ್ಲಿಯೂ ಹಿಟ್ಟು ಚೆಲ್ಲಿದಂಥ ಬಿಳಿ, ನಡುವೆ ಎರಡು ಕಣ್ಣು.

ಆದರೂ ಆ ರಾತ್ರಿ ಒಂದು ವಿಷಯ ಗೊತ್ತಾಯಿತು. ನಾನೂ ಸುಮ್ಮನೆ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದೆ. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತರೂ ಅದು ಇಳಿಯಲಿಲ್ಲ. ನಾವು ಬಿಳಿಯ ಸಫೇದವನ್ನೂ ಕೆಂಪಿನ ಇಂಗಳೀಕವನ್ನೂ ಕಲಸುವುದು ತೆಂಗಿನೆಣ್ಣೆಯಲ್ಲಿ ತಾನೆ? ನೀರು ಕೆಸುವಿನ ಎಲೆಯ ಮೇಲೆ ನಿಂತಂತೆ ಹನಿಹನಿಯಾಗಿ ಮುಖದ ಮೇಲೆ ನಿಂತಿತ್ತು. ಹಿಂದಿನಿಂದ ವಾಹನದ ಬೆಳಕು ಬಿದ್ದಾಗ ಪ್ರತಿ ಹನಿಯೂ ಹೊಳೆಯಿತು. ನನ್ನ ಗೆಳೆಯ ಕ್ಯಾಮೆರಾ ಕೆಳಗಿಟ್ಟು, ‘ಅಣ್ಣ, ಅಲ್ಲೇ ನಿಲ್ಲಿ’ ಎಂದ. ಚುಟ್ಟಿಯಿಲ್ಲದ ಪುಂಡುವೇಷ ಮಾಡಬೇಕು, ಬೆಳಕು ಬೆನ್ನ ಹಿಂದಿನಿಂದ ಬರಬೇಕು ಎಂಬ ಎರಡು ತೀರ್ಮಾನಗಳೂ ಆ ವಾಹನದ ಬೆಳಕಿನಲ್ಲಿಯೇ ಆದವು.

ಬೇಗಡೆಯದ್ದು ಬೇರೆಯೇ ಕಥೆ. ಅದನ್ನು ಮಳೆಯಿಂದ ಕಾಪಾಡಲು ಒಂದು ತಿಂಗಳು ಮನೆಯ ಹಿತ್ತಲಿನಲ್ಲಿ ಪ್ರಯೋಗ ನಡೆಸಿದೆ. ಬಣ್ಣವಿಲ್ಲದ ಉಗುರು ಬಣ್ಣ ಬಳಿದೆ, ಒಣಗಿದ ಮೇಲೆ ಬೇಗಡೆಯ ಹೊಳಪೇ ಹೋಯಿತು. ಮೇಣದ ಬತ್ತಿ ಕರಗಿಸಿ ಸವರಿದೆ, ಮಡಿಕೇರಿಯ ಚಳಿಗೆ ಅದು ಬಿರುಕುಬಿಟ್ಟಿತು. ಪಾರದರ್ಶಕ ಟೇಪು ಅಂಟಿಸಿದರೆ ಫ್ಲ್ಯಾಷಿನ ಬೆಳಕಿಗೆ ಟೇಪೇ ಮಿನುಗುತ್ತದೆ. ಮರದ ಕೆಲಸದ ವಾರ್ನಿಷ್ ಹಳದಿಗೆ ತಿರುಗಿತು. ಕೊನೆಗೆ ಹಿಡಿದದ್ದು ಯಾವುದು ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಸ್ತು, ನೂರು ರೂಪಾಯಿ ಒಳಗಿನದು, ಬೇಗಡೆಗೆ ಹಚ್ಚುವುದಲ್ಲ, ಬೇಗಡೆಯ ಅಡಿಗೆ ಹಚ್ಚುವುದು. ಇಷ್ಟು ಹೇಳಿದರೆ ಸಾಮಾನು ಕಟ್ಟುವವರಿಗೆ ಅರ್ಥವಾಗುತ್ತದೆ. ಇದನ್ನು ತೋರಿಸಿದ ಮೇಲೆಯೇ ಬಾಡಿಗೆಯವರು ಎರಡನೆಯ ಸಲ ಸಾಮಾನು ಕೊಡಲು ಒಪ್ಪಿದ್ದು.

ಎರಡನೆಯ ಪ್ರಯತ್ನ ಸಂಜೆಯ ಹೊತ್ತು, ಜನರಲ್ ತಿಮ್ಮಯ್ಯ ವೃತ್ತದ ಆಚೆಗೆ. ಅದು ದುಡುಕು. ಹತ್ತು ನಿಮಿಷದಲ್ಲಿ ಅರವತ್ತು ಎಪ್ಪತ್ತು ಜನ, ಎಲ್ಲರ ಕೈಯಲ್ಲಿಯೂ ಮೊಬೈಲ್, ವಾಹನಗಳ ಸಾಲು. ಸಂಚಾರದ ಪೊಲೀಸರು ಬಂದು ಒಳ್ಳೆಯ ಮಾತಿನಲ್ಲಿಯೇ ಕಳುಹಿಸಿದರು. ಅಂದಿನಿಂದ ಹಿಂದಿನ ದಿನವೇ ಠಾಣೆಗೆ ಹೋಗಿ ಹೆಸರು, ವಾಹನದ ಸಂಖ್ಯೆ, ಹೊತ್ತು ಬರೆದು ಕೊಟ್ಟು ಬರುತ್ತೇವೆ. ಮುಂಜಾನೆ ನಾಲ್ಕೂವರೆಯಿಂದ ಐದೂವರೆಯ ಒಳಗೆ ಮುಗಿಸುತ್ತೇವೆ. ಅಷ್ಟರ ನಂತರ ಹಾಲಿನ ಗಾಡಿ, ಬಸ್ಸುಗಳ ಓಡಾಟ ಶುರುವಾಗುತ್ತದೆ. ಶುಕ್ರವಾರ ಸಂತೆಯ ದಿನ, ಆ ಮುಂಜಾನೆಯನ್ನು ಬಿಟ್ಟುಬಿಡಬೇಕು.

ಅದೇ ಸಂಜೆ ಬರ್ಸ್ಟ್‌ನ ಹುಚ್ಚೂ ಬಿಟ್ಟುಹೋಯಿತು. ಸೆಕೆಂಡಿಗೆ ಹತ್ತು ಚಿತ್ರ ಬರುವಾಗ ಧಿಗಿಣದ ಒಂದಾದರೂ ಒಳ್ಳೆಯ ಕ್ಷಣ ಸಿಗದಿರುತ್ತದೆಯೇ ಎಂದು ಬಳಗದವರು ವಾದಿಸಿದ್ದರು. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 400ರಲ್ಲಿಟ್ಟು ಫ್ಲ್ಯಾಷನ್ನು ಪೂರ್ಣ ಶಕ್ತಿಗೆ ಏರಿಸಿದ್ದೆವು. ಮೊದಲ ಚಿತ್ರಕ್ಕೆ ಬೆಳಕು ಬರುತ್ತದೆ, ಮುಂದಿನ ಎರಡು ಮೂರು ಸೆಕೆಂಡು ಫ್ಲ್ಯಾಷ್ ತುಂಬಿಕೊಳ್ಳುತ್ತಿರುತ್ತದೆ, ಅಷ್ಟರಲ್ಲಿ ನಾನು ನಾಲ್ಕು ಸುತ್ತು ಮುಗಿಸಿರುತ್ತೇನೆ. ನಾನೂರು ಚಿತ್ರಗಳಲ್ಲಿ ಮುನ್ನೂರೈವತ್ತು ಕತ್ತಲೆ. ಬೆಳಕಿದ್ದವುಗಳಲ್ಲಿ ಕಾಲು ಇನ್ನೂ ನೆಲ ಬಿಟ್ಟಿಲ್ಲ, ಅಥವಾ ಆಗಲೇ ನೆಲ ಮುಟ್ಟಿದೆ. ನೋಡುಗನಿಗೆ ಧಿಗಿಣ ಕಾಣುವುದು ದೇಹ ಮೇಲೆ ಅಡ್ಡವಾಗಿ ತೇಲುವ ಒಂದೇ ಗಳಿಗೆಯಲ್ಲಿ. ಆ ಗಳಿಗೆ ತಾಳಕ್ಕೆ ಗೊತ್ತು, ಕ್ಯಾಮೆರಾಕ್ಕೆ ಗೊತ್ತಿಲ್ಲ. ಇದನ್ನು ನಾನು ಅವನಿಗೆ ಹೇಳುತ್ತಲೇ ಇದ್ದೆ. ಆದರೆ ಹೇಗೆ ದಾಟಿಸಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಎರಡನೆಯ ಮಳೆಗಾಲದ ಜೂನ್‌ನಲ್ಲಿ ಚೆಂಡೆ ಮದ್ದಳೆಯ ಧ್ವನಿಮುದ್ರಣ ಹಾಕಿ ನೋಡಿದೆವು. ಮುಂಜಾನೆ ನಾಲ್ಕೂವರೆಗೆ ಪೇಟೆಯಲ್ಲಿ ಚೆಂಡೆ ಕೇಳಿಸಿದರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು. ಬೀದಿಯ ನಾಯಿಗಳೆಲ್ಲ ಎದ್ದವು. ಮೇಲಿನ ಮನೆಯ ಹಿರಿಯ ಹೆಂಗಸೊಬ್ಬರು ಕಿಟಕಿ ತೆರೆದು, ಮನೆಯಲ್ಲಿ ಹುಷಾರಿಲ್ಲದವರು ಇದ್ದಾರೆ, ಸದ್ದು ಬೇಡ ಎಂದರು. ಕೈ ಮುಗಿದು ನಿಲ್ಲಿಸಿದೆವು. ಆಮೇಲೆ ನಾನೇ ಮೆಲ್ಲಗೆ ಬಾಯಿತಾಳ, ಎಂದರೆ ತಾಳದ ಅಕ್ಷರಗಳನ್ನು ಬಾಯಲ್ಲೇ, ಹೇಳಿಕೊಂಡು ಕುಣಿದೆ. ಗಳಿಗೆ ತಕ್ಕಮಟ್ಟಿಗೆ ಸಿಕ್ಕಿತು, ಮುಖ ಕೆಟ್ಟಿತು. ಚಕ್ರವ್ಯೂಹಕ್ಕೆ ನುಗ್ಗುವ ಅಭಿಮನ್ಯುವಿನ ಬಾಯಿ ಪ್ರತಿ ಚಿತ್ರದಲ್ಲಿಯೂ ಒಂದೊಂದು ಅಕ್ಷರಕ್ಕೆ ತೆರೆದುಕೊಂಡಿತ್ತು. ಅಕ್ಕನ ಮಗನಿಂದ ಬಾಯಿತಾಳ ಹೇಳಿಸಿದೆವು. ಅವನು ಹೇಳಿ, ಇವನು ಕೇಳಿ, ಬೆರಳು ಒತ್ತುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ತಡ.

ದಾರಿ ತೆರೆದದ್ದು ಅವನ ಮನೆಯ ಜಗಲಿಯಲ್ಲಿ. ಗೋಡೆಗೆ ದುಡಿ ಎಂಬ ಪುಟ್ಟ ಚರ್ಮವಾದ್ಯ ತೂಗುಹಾಕಿತ್ತು. ಅವನ ಅಜ್ಜ ಸುಗ್ಗಿಯ ಹಬ್ಬವಾದ ಪುತ್ತರಿಗೆ, ಮದುವೆಗೆ ಪಾಟ್ ಹಾಡುವವರಾಗಿದ್ದರಂತೆ. ನಾಲ್ವರು ಕುಳಿತು ದುಡಿ ಬಾರಿಸುತ್ತಾ ತಾವೇ ಹಾಡುವುದು ಕೊಡವರ ಕ್ರಮ; ಬಾರಿಸುವವರು ಬೇರೆ, ಹಾಡುವವರು ಬೇರೆ ಎಂದಿಲ್ಲ. ಅವನು ದುಡಿಯನ್ನು ಇಳಿಸಿ ಸುಮ್ಮನೆ ನುಡಿಸುತ್ತಾ, ‘ಹಾಡುವ ಬಾಯಿ ಯಾರದೋ ಬಾರಿಸುವ ಕೈಯೂ ಅವರದೇ ಆದರೆ ತಪ್ಪುವುದಿಲ್ಲ ಅಣ್ಣ’ ಎಂದ. ಎಂದವನೇ ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಬಾಯಿತಾಳವನ್ನು ಅವನೇ ಹೇಳಬೇಕು. ಹೇಳುವವನೇ ಒತ್ತಬೇಕು.

ನಮ್ಮ ಕ್ರಮದ ತಿರುಳು ಇದೇ. ಉಳಿದದ್ದು ಅಭ್ಯಾಸ. ಮೂರು ವಾರ, ಸಂಜೆ ಆರರಿಂದ ಎಂಟರವರೆಗೆ, ಅವನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಅವನಿಗೆ ಬಾಯಿತಾಳ ಕಲಿಸಿದೆ. ದುಡಿಯ ಲಯ ರಕ್ತದಲ್ಲಿದ್ದವನಿಗೆ ಏಕತಾಳ ಕಷ್ಟವಾಗಲಿಲ್ಲ. ಕಷ್ಟವಾದದ್ದು ನನ್ನ ಉಸಿರನ್ನು ನೋಡಿ ಕಾಲ ಏರಿಸುವುದು. ಭಾಗವತರು ವೇಷಧಾರಿಯ ಕಾಲು ನೋಡಿ ಪದವನ್ನು ಎಳೆಯುವುದೋ ಬಿಗಿಯುವುದೋ ಮಾಡುತ್ತಾರಲ್ಲ, ಆ ವಿದ್ಯೆ. ಅದು ಬಂದ ದಿನ ಅವನು ನನಗೆ ಫೋಟೊಗ್ರಾಫರ್ ಆಗಿ ಉಳಿಯಲಿಲ್ಲ, ಹಿಮ್ಮೇಳವಾದ.

ಷಟರ್ 1/8 ಸೆಕೆಂಡಿನಲ್ಲಿಡುತ್ತೇವೆ, ಲೆನ್ಸಿನ ಕಿಂಡಿ ಎಫ್ 4, ಐಎಸ್‌ಒ 1600. ಫ್ಲ್ಯಾಷ್ ರಿಯರ್ ಕರ್ಟನ್‌ನಲ್ಲಿ, ಶಕ್ತಿ 1/16ರ ಆಸುಪಾಸು. ಷಟರ್ ತೆರೆದಾಗ ಬಟ್ಟೆಯ ಸುಳಿ ಬೀದಿದೀಪದ ಬೆಳಕಿನಲ್ಲಿ ಬರೆಯಲ್ಪಡುತ್ತದೆ, ಮುಚ್ಚುವ ಮೊದಲು ಫ್ಲ್ಯಾಷ್ ಬಡಿದು ದೇಹ ನಿಲ್ಲುತ್ತದೆ. ಎಂದರೆ ಫ್ಲ್ಯಾಷ್ ಬೇಕಾದ ಅಕ್ಷರಕ್ಕಿಂತ ಅರ್ಧ ಅಕ್ಷರ ಮುಂಚೆಯೇ ಬೆರಳು ಇಳಿಯಬೇಕು. ಯಾವ ಸುತ್ತಿನ ಯಾವ ಅಕ್ಷರ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಪ್ರತಿಯೊಬ್ಬರ ಹಾರುವಿಕೆಗೆ ಬೇರೆ ಬೇರೆ, ಹುಡುಕಿಕೊಳ್ಳಬೇಕು. ನಮಗೆ ಅದನ್ನು ಹುಡುಕಲು ಐದು ಸಂಜೆ ಬೇಕಾದವು.

ಫ್ಲ್ಯಾಷ್ ನನ್ನ ಹಿಂದೆ ಹನ್ನೆರಡು ಅಡಿ ದೂರದಲ್ಲಿ, ಅಕ್ಕನ ಮಗನ ಕೈಯಲ್ಲಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇರುತ್ತದೆ. ಅವನು ಕುಕ್ಕರುಗಾಲಲ್ಲಿ ಕುಳಿತು ಕ್ಯಾಮೆರಾಕ್ಕೆ ಕಾಣದಂತೆ ನನ್ನ ಮರೆಯಲ್ಲಿಯೇ ಇರಬೇಕು. ಮೊದಲು ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆವು. ಒಂದು ಗಾಳಿಗೆ ಉರುಳಿ ನೀರು ಹೊಕ್ಕು ಏಳು ಸಾವಿರದ ಫ್ಲ್ಯಾಷ್ ಸತ್ತಿತು. ಮುಖಕ್ಕೆ ಬೇರೆ ದೀಪ ಇಲ್ಲ, ಕ್ಯಾಮೆರಾದ ಪಕ್ಕ ಬಿಳಿಯ ಛತ್ರಿಯೊಂದನ್ನು ಬಿಡಿಸಿ ಇಟ್ಟರೆ ಮಂಜಿನಿಂದ ಮರಳಿ ಬರುವ ಬೆಳಕೇ ಕಣ್ಣಿಗೆ ಸಾಕು. ಮಂಜು ಎಷ್ಟಿರಬೇಕು ಎಂಬುದಕ್ಕೆ ನಮ್ಮ ಅಳತೆ ಬೀದಿದೀಪದ ಕಂಬ: ನಿಂತಲ್ಲಿಂದ ಮೂರನೆಯ ಕಂಬ ಕಾಣಬೇಕು, ನಾಲ್ಕನೆಯದು ಕಾಣಬಾರದು. ಮೂರನೆಯದೂ ಕಾಣದಿದ್ದರೆ ಮನೆಗೆ ಹೋಗಿ ಮಲಗುವುದು ಒಳ್ಳೆಯದು. ಹಾಗೆ ಮರಳಿದ ಮುಂಜಾನೆಗಳು ಆರೋ ಏಳೋ ಇವೆ.

ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಹುಡುಕುವುದೇ ಒಂದು ತಪಸ್ಸು. ಮಹದೇವಪೇಟೆಯ ಇಳಿಜಾರಿನಲ್ಲಿ ಪ್ರತಿ ಸುತ್ತಿಗೂ ಮುಕ್ಕಾಲು ಅಡಿಯಷ್ಟು ಕೆಳಗೆ ಜಾರುತ್ತಿದ್ದೆ, ಫೋಕಸ್ ತಪ್ಪುತ್ತಿತ್ತು. ಕೊನೆಗೆ ಜಾರುವುದನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು: ನಾಲ್ಕಡಿ ಮೇಲಿನಿಂದ ಆರಂಭಿಸಿದರೆ ಐದನೆಯ ಸುತ್ತಿಗೆ ಗುರುತಿನ ಮೇಲೆ ಬರುತ್ತೇನೆ. ಸೀಮೆಸುಣ್ಣ ಮಳೆಗೆ ನಿಲ್ಲುವುದಿಲ್ಲ, ಡಾಂಬರಿನ ತೇಪೆಯ ಅಂಚೇ ನಮಗೆ ಗುರುತು. ಅಂಗಡಿ ಮುಂದಿನ ಟೈಲ್ಸ್ ಮೇಲೆ ಯಾರೂ ಧಿಗಿಣ ಹಾಕಬೇಡಿ, ಒದ್ದೆಯಾದರೆ ಬೆಣ್ಣೆ. ಒದ್ದೆ ಡಾಂಬರು ಹಿಡಿತ ಕೊಡುತ್ತದೆ, ಆದರೆ ಅಂಗಾಲು ಸುಲಿಯುತ್ತದೆ. ಒಂದು ಮುಂಜಾನೆಗೆ ಇಪ್ಪತ್ತೈದು ಸಲ ಹಾರುವುದು ನನ್ನ ಮಿತಿ, ಆಮೇಲೆ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಇಪ್ಪತ್ತೈದು ಹಾರಾಟ, ಇಪ್ಪತ್ತೈದು ಚಿತ್ರ. ಗೆಜ್ಜೆಯ ಪಟ್ಟಿ ನೆನೆದು ಬಿಗಿದುಕೊಳ್ಳುತ್ತದೆ. ಕಟ್ಟುವಾಗಲೇ ಒಂದು ಬೆರಳು ಸಡಿಲ ಬಿಡಬೇಕು. ಚಿತ್ರ ಸಿಕ್ಕಿದ ಜಾಗ ಮಹದೇವಪೇಟೆಯದಲ್ಲ, ಅದನ್ನೂ ನಾನು ಹೇಳುವುದಿಲ್ಲ. ಊರಿನವರು ಹಿಂದಿನ ಕಟ್ಟಡ ನೋಡಿ ಗುರುತಿಸಿದರೆ ಸಂತೋಷ.

ಕ್ಯಾಮೆರಾದ ಆರೈಕೆಯನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ, ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿ ಎಲ್ಲರ ಮನೆಯ ಗೋಳು. ಅವನು ಕಪಾಟಿನಲ್ಲಿ ಬಲ್ಬು ಉರಿಸಿಡುತ್ತಾನೆ. ಕಾರಿನ ಎಸಿಯಲ್ಲಿ ತಣ್ಣಗಾದ ಲೆನ್ಸ್ ಹೊರಗೆ ಬಂದೊಡನೆ ಬೆವರುವುದರಿಂದ ಎಸಿ ಹಾಕದೆ ಬರುತ್ತೇವೆ, ಅಷ್ಟೆ.

ನಡುವೆ ಒಂದು ದಿನ ಬೇರೆಯೇ ಪ್ರಯೋಗ ಮಾಡಿದೆವು. ನಿಂತಿದ್ದ ಮುಂಜಾನೆಯ ಬಸ್ಸಿನ ನಿರ್ವಾಹಕರೊಬ್ಬರು ನಮ್ಮ ಪಾಡು ನೋಡಿ, ಹೊರಡಲು ಐದು ನಿಮಿಷ ಇದೆ, ಬೇಕಾದರೆ ಒಳಗೆ ಕುಳಿತು ತೆಗೆಸಿಕೊಳ್ಳಿ ಎಂದರು. ಭುಜಕೀರ್ತಿ ಬಾಗಿಲಲ್ಲಿ ಹಿಡಿಯಲಿಲ್ಲ, ಅಡ್ಡವಾಗಿ ಹತ್ತಿದೆ. ಆವಿ ಕಟ್ಟಿದ ಕಿಟಕಿಯ ಗಾಜಿನಲ್ಲಿ ಅಂಗೈಯಗಲ ಒರೆಸಿ ಹೊರಗೆ ನೋಡಿದೆ. ಕುಣಿತವಿಲ್ಲ, ತಾಳವಿಲ್ಲ, ಫ್ಲ್ಯಾಷ್ ಕೂಡ ಇಲ್ಲ. ಯುದ್ಧಕ್ಕೆ ಹೊರಟ ಹುಡುಗನೊಬ್ಬ ಕೊನೆಯ ಸಲ ಊರು ನೋಡುತ್ತಿದ್ದಾನೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಹೆಂಡತಿಗೆ ಧಿಗಿಣದ ಚಿತ್ರಕ್ಕಿಂತ ಅದೇ ಹೆಚ್ಚು ಇಷ್ಟ. ಕೋಟೆಯ ಗಾರೆಯ ಆನೆಗಳ ಜೊತೆ ಒಂದು ಚಿತ್ರ ಬೇಕೆಂಬ ಆಸೆಯೂ ಇತ್ತು. ಅಲ್ಲಿ ಮುಂಜಾನೆ ಬಾಗಿಲು ತೆರೆದಿರುವುದಿಲ್ಲ, ಬಿಟ್ಟೆವು.

ಆ ಜುಲೈ ಮುಂಜಾನೆ ಹತ್ತೊಂಬತ್ತನೆಯದೋ ಇಪ್ಪತ್ತನೆಯದೋ ಹಾರಾಟಕ್ಕೆ ಚಿತ್ರ ಸಿಕ್ಕಿತು. ಕ್ಯಾಮೆರಾದ ಪರದೆ ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಅವನ ಬಾಯಿಯ ಅಕ್ಷರ, ಫ್ಲ್ಯಾಷಿನ ಬೆಳಕು, ನನ್ನ ದೇಹ ಮೇಲೆ ನಿಂತ ಗಳಿಗೆ ಮೂರೂ ಒಂದಾದದ್ದು ಬೆನ್ನಿಗೆ ತಿಳಿಯಿತು. ಒಳ್ಳೆಯ ಹಿಮ್ಮೇಳದೊಂದಿಗೆ ಬಿಡ್ತಿಗೆ, ಎಂದರೆ ತಾಳದ ಮುಕ್ತಾಯ, ಸರಿಯಾಗಿ ಬಿದ್ದಾಗ ಆಗುವ ಸುಖ ಅದು. ಅವನೂ ಪರದೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಹಣದ ಲೆಕ್ಕ: ಹೋದದ್ದು ಸುಮಾರು ಇಪ್ಪತ್ತೆಂಟು ಸಾವಿರ ಎಂದೆನಲ್ಲ, ಅದರಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ರಾತ್ರಿಯದ್ದು ಮತ್ತು ಸತ್ತ ಫ್ಲ್ಯಾಷಿನದ್ದು. ಈಗ ಕ್ರಮ ಗೊತ್ತಿರುವುದರಿಂದ ಒಂದು ಮುಂಜಾನೆಗೆ ಎರಡೂವರೆ ಸಾವಿರದಲ್ಲಿ ಮುಗಿಯುತ್ತದೆ. ಬಂದದ್ದು: ಹೋಂಸ್ಟೇ ನಡೆಸುವವರೊಬ್ಬರು ನಾಲ್ಕಡಿಯ ಪ್ರತಿಗೆ ಹನ್ನೆರಡು ಸಾವಿರ ಕೊಟ್ಟರು, ಸಣ್ಣ ಪ್ರತಿಗಳು ಹತ್ತೋ ಹನ್ನೊಂದೋ ಹೋದವು, ಎಲ್ಲ ಸೇರಿ ಮೂವತ್ತೈದು ದಾಟಿದೆ. ಸಮಪಾಲು. ವೇಷಧಾರಿಗೆ ಇಷ್ಟು, ಫೋಟೊದವನಿಗೆ ಇಷ್ಟು ಎಂಬ ಮಾತನ್ನು ಮೊದಲ ದಿನವೇ ಬರೆದು ಇಟ್ಟುಕೊಂಡಿದ್ದೆವು, ಚಿತ್ರದ ಕೆಳಗೆ ಇಬ್ಬರ ಹೆಸರೂ ಬರಬೇಕು ಎಂಬುದನ್ನೂ ಸೇರಿಸಿ. ಜೊತೆಯಾಗಿ ಕೆಲಸ ಮಾಡುವವರು ಇದನ್ನು ಬರೆದುಕೊಳ್ಳಲೇಬೇಕು. ಬಾಡಿಗೆಯವರಿಗೆ ಒಂದು ಪ್ರತಿಯನ್ನು ಉಚಿತವಾಗಿ ಕೊಟ್ಟೆವು, ಅವರ ಅಂಗಡಿಯ ಗೋಡೆಯಲ್ಲಿದೆ.

ಗುರುಗಳ ಮನೆಗೂ ಪ್ರತಿ ತೆಗೆದುಕೊಂಡು ಹೋದೆ. ಬಹಳ ಹೊತ್ತು ನೋಡಿ, ಎಡಗೈ ಇನ್ನೂ ಸ್ವಲ್ಪ ಒಳಗಿರಬೇಕಿತ್ತು ಎಂದು ಕೈ ಹಿಡಿದು ತಿದ್ದಿದರು. ನಿಜ, ಒಳಗಿರಬೇಕಿತ್ತು. ಮುಂದಿನ ಮಳೆಗಾಲಕ್ಕೆ ಅದನ್ನು ಸರಿಮಾಡಿಕೊಳ್ಳುತ್ತಿದ್ದೇನೆ.

ಮೊದಲ ರಾತ್ರಿ ಮಾತಿಲ್ಲದೆ ವ್ಯಾನಿನಲ್ಲಿ ಕುಳಿತಿದ್ದ ಬಣ್ಣದ ವೇಷದವರಿಗೂ ಕಳೆದ ವಾರ ಫೋನು ಮಾಡಿದೆ. ಪತ್ತನಾಜೆ ಕಳೆದ ಮೇಲೆ ಬರುತ್ತೇನೆ ಎಂದಿದ್ದಾರೆ. ಮಳೆಗೆ ಕರಗದ ಚುಟ್ಟಿಗಾಗಿ ಅವರು ಅಲ್ಲಿ, ನಾನು ಇಲ್ಲಿ ಬೇರೆ ಬೇರೆ ಹದ ಕಲಸಿ ನೋಡುತ್ತಿದ್ದೇವೆ. ಹಳೆಯ ಮಡಕೆಯೊಂದರ ಮೇಲೆ ಇಟ್ಟ ಆರು ಸಾಲುಗಳಲ್ಲಿ ನಾಲ್ಕು ಬಿದ್ದುಹೋಗಿವೆ. ಎರಡು ನಿನ್ನೆಯ ಮಳೆಯನ್ನೂ ತಡೆದು ನಿಂತಿವೆ.